ವಿಜಯಪುರಕ್ಕೆ ಬನ್ನಿ, ಒಂದು ರಾತ್ರಿ ಉಳಿದುಕೊಳ್ಳಿ

ಬಾದಾಮಿ, ಐಹೊಳೆ, ಪಟ್ಟದಕಲ್ಲು ಮುಗಿಸಿ ಮಧ್ಯಾಹ್ನ ಒಂದು ಗಂಟೆಗೆ ಗೋಳಗುಮ್ಮಟದ ಮುಂದೆ ಬಂದು ಇಳಿಯುತ್ತಾರೆ. ನೆತ್ತಿ ಸುಡುವ ಬಿಸಿಲು. ಒಳಗೆ ಶಾಲೆ ಮಕ್ಕಳ ಗದ್ದಲ. ಅವಸರದಲ್ಲಿ ಹತ್ತುತ್ತಾರೆ, ಒಂದು ಸಲ ಕೂಗುತ್ತಾರೆ, ಕೆಳಗಿಳಿದು ಫೋಟೊ ತೆಗೆದುಕೊಂಡು ಸೊಲ್ಲಾಪುರದ ದಾರಿ ಹಿಡಿಯುತ್ತಾರೆ. ನಮ್ಮೂರಿಗೆ ಬರುವ ಎಷ್ಟೋ ಜನರ ವಿಜಯಪುರ ದರ್ಶನ ಇಷ್ಟಕ್ಕೇ ಮುಗಿಯುತ್ತದೆ. ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಬೆಂಗಳೂರು, ಮೈಸೂರಿನಿಂದ ಬರುವ ನೆಂಟರನ್ನು ಎಷ್ಟೋ ವರ್ಷದಿಂದ ನಾನೇ ಊರು ಸುತ್ತಾಡಿಸುತ್ತಿದ್ದೇನೆ. ಹಾಗೆ ತಿರುಗಿ ತಿರುಗಿ ಗೊತ್ತಾದ ಕ್ರಮ ಒಂದಿದೆ. ಗೋಳಗುಮ್ಮಟ ಊರಿನ ಪೂರ್ವಕ್ಕೆ. ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಹಳೆಯ ಕೋಟೆಗೋಡೆಯ ಆಚೆ. ನಡುವೆ ಕೆಲವೇ ಕಿಲೋಮೀಟರ್. ನೋಡಬೇಕಾದ ಉಳಿದ ಜಾಗಗಳೆಲ್ಲ ಈ ಎರಡರ ನಡುವೆಯೇ ಸಿಗುತ್ತವೆ. ಹಿಂದಿನ ರಾತ್ರಿ ಬಂದು ಮಲಗಿ, ನಸುಕಿನಲ್ಲಿ ಪೂರ್ವದಿಂದ ಶುರು ಮಾಡಿ, ಸಂಜೆಗೆ ಪಶ್ಚಿಮ ಮುಟ್ಟಿ. ಊರು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಟಿಕೆಟ್

ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಕಲ್ಲಿನ ಕಟ್ಟಡ ನೋಡುವುದು ಕಷ್ಟ, ಮಕ್ಕಳು ವಯಸ್ಸಾದವರು ಜೊತೆಗಿದ್ದರಂತೂ ಬೇಡವೇ ಬೇಡ.

ಬೆಂಗಳೂರಿನಿಂದ ರಸ್ತೆಯಲ್ಲಿ 500 ಕಿಲೋಮೀಟರಿಗಿಂತ ಜಾಸ್ತಿ, ಹುಬ್ಬಳ್ಳಿಯಿಂದ ಸುಮಾರು 200, ಸೊಲ್ಲಾಪುರದಿಂದ 100ರ ಆಸುಪಾಸು. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ ಮೇಲೆ ಹಾಯ್ದು ಪಂಢರಪುರಕ್ಕೆ ಹೋಗುವ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರಾತ್ರಿಯೆಲ್ಲ ಓಡಿ ಬೆಳಿಗ್ಗೆ ನಮ್ಮೂರು ಮುಟ್ಟಿಸುತ್ತದೆ. ಬೆಂಗಳೂರಿನಿಂದ ರಾತ್ರಿ ಸ್ಲೀಪರ್ ಬಸ್ಸುಗಳೂ ಸಾಕಷ್ಟಿವೆ.

ಬಸ್ಸಿನ ಟಿಕೆಟ್ ಮಾಡುವಾಗ ಒಂದು ಎಚ್ಚರ. ದೇವನಹಳ್ಳಿ ಹತ್ತಿರವೂ ಒಂದು ವಿಜಯಪುರ ಇದೆ. ನಮ್ಮ ಊರಿಗೆ 2014ರ ನವೆಂಬರ್ 1ರವರೆಗೆ ಬಿಜಾಪುರ ಅಂತ ಹೆಸರಿತ್ತು, ಆಮೇಲೆ ಎರಡೂ ಒಂದೇ ಹೆಸರಾದವು. ಪಟ್ಟಿಯಲ್ಲಿ ವಿಜಯಪುರ ಎಂದು ಕಂಡ ತಕ್ಷಣ ಒತ್ತಬೇಡಿ. ಪ್ರಯಾಣ ಎರಡು ಗಂಟೆ ಎಂದು ತೋರಿಸುತ್ತಿದ್ದರೆ ಅದು ದೇವನಹಳ್ಳಿಯದು.

ಕರ್ನಾಟಕದ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೆಯಬೇಡಿ. ಇಲ್ಲಿನ ಸರ್ಕಾರಿ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆಯವು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲೂ ಉಂಟು. ಸ್ಲೀಪರ್, ಎಸಿ ಬಸ್ಸಿಗೆ ಮಾತ್ರ ಅದು ನಡೆಯುವುದಿಲ್ಲ.

ಇಳಿದ ಮೇಲೆ

ರೈಲ್ವೆ ಸ್ಟೇಷನ್ ಗುಮ್ಮಟದ ಕಡೆಗಿದೆ. ಬ್ಯಾಗು ಹಗುರವಾಗಿದ್ದರೆ ನಡೆದೇ ಹೋಗಬಹುದು. ಬಸ್ ಸ್ಟ್ಯಾಂಡ್ ಇರುವುದು ಊರ ನಡುವೆ, ಒಳಕೋಟೆಯ ಪಕ್ಕ. ಅಲ್ಲಿಂದ ಬಾರಾ ಕಮಾನ್, ಗಗನ ಮಹಲ್ ಎರಡೂ ನಡೆಯುವಷ್ಟು ದೂರ. ಹಾಗಾಗಿ ಲಾಡ್ಜ್ ಹಿಡಿಯುವಾಗ ಸ್ಟೇಷನ್ ರಸ್ತೆಯಲ್ಲೋ, ಗಾಂಧಿ ಚೌಕದ ಸುತ್ತಮುತ್ತಲೋ ನೋಡಿ. ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್ ಶಾಹಿ ಹೋಟೆಲೂ ಕೋಟೆ ಭಾಗದಲ್ಲೇ ಇದೆ.

ರೈಲಿನಲ್ಲಿ ಬೆಳಿಗ್ಗೆ ಬಂದು ಇಳಿದವರು ಅವತ್ತೇ ಗುಮ್ಮಟಕ್ಕೆ ಓಡಬೇಡಿ. ಸ್ನಾನ, ತಿಂಡಿ ಮುಗಿಯುವಷ್ಟರಲ್ಲಿ ಅಲ್ಲಿ ಜನ ತುಂಬಿರುತ್ತಾರೆ. ಆ ದಿನ ಊರ ನಡುವಿನ ಜಾಗಗಳು, ಸಂಜೆ ಇಬ್ರಾಹಿಂ ರೋಜಾ ಇಟ್ಟುಕೊಳ್ಳಿ. ಗುಮ್ಮಟ ಮರುದಿನ ನಸುಕಿಗೆ.

ಒಂದು ಕಾಲಕ್ಕೆ ಇಡೀ ಊರು ಟಾಂಗಾದಲ್ಲೇ ತಿರುಗುತ್ತಿತ್ತು. ಈಗ ಟಾಂಗಾ ಕಡಿಮೆಯಾಗಿವೆ. ಕಂಡರೆ ಒಂದು ಸಣ್ಣ ಸುತ್ತು ಹೋಗಿ, ಮಕ್ಕಳು ಮರೆಯುವುದಿಲ್ಲ. ಆದರೆ ಇಡೀ ದಿನಕ್ಕೆ ಆಟೋನೇ ಸರಿ. ಬಾಡಿಗೆ ಮಾತಾಡುವಾಗ ಸುಮ್ನೆ ‘ಊರು ತೋರಿಸಿ’ ಅನ್ನಬೇಡಿ. ಒಂದೊಂದೇ ಜಾಗದ ಹೆಸರು ಹೇಳಿ. ಮಾತು ಹೀಗೆ ಶುರುವಾಗುತ್ತದೆ:

‘ಎಲ್ಲಿಗ್ರಿ ಅಣ್ಣಾರ?’

‘ಗುಮ್ಮಟ, ಜುಮ್ಮಾ ಮಸೀದಿ, ಬಾರಾ ಕಮಾನ್, ತೋಪು, ತಾಜ್ ಬಾವಡಿ, ಕಡೀಕ ಇಬ್ರಾಹಿಂ ರೋಜಾ. ಎಷ್ಟ ತಗೋತೀರಿ?’

‘ನೀವ ಹೇಳ್ರಲಾ.’

ಇಲ್ಲಿ ನೀವೇ ಮೊದಲು ಹೇಳಬೇಡಿ. ಲಾಡ್ಜಿನವರನ್ನೋ, ಚಹಾ ಅಂಗಡಿಯವರನ್ನೋ ಮೊದಲೇ ಕೇಳಿಕೊಂಡಿದ್ದರೆ ಅಂದಾಜು ಸಿಕ್ಕಿರುತ್ತದೆ. ಕಾಯುವ ಹೊತ್ತಿಗೆ ಬೇರೆ ದುಡ್ಡೋ, ಸೇರಿಯೋ ಅನ್ನುವುದನ್ನೂ ಆಗಲೇ ಬಗೆಹರಿಸಿಕೊಳ್ಳಿ. ಒಮ್ಮೆ ಮಾತಾದರೆ ನಮ್ಮ ಆಟೋದವರು ಮನೆಯವರ ಹಾಗೆ ನೋಡಿಕೊಳ್ಳುತ್ತಾರೆ. ಊಟ ಎಲ್ಲಿ ಚೆನ್ನಾಗಿದೆ ಅಂತ ಅವರನ್ನೇ ಕೇಳಿ.

ನಸುಕಿನಲ್ಲಿ ಗೋಳಗುಮ್ಮಟ

ಬೆಳಿಗ್ಗೆ 6ರ ಸುಮಾರಿಗೆ ಬಾಗಿಲು ತೆಗೆಯುತ್ತಾರೆ. ಆ ಹೊತ್ತಿಗೇ ಅಲ್ಲಿರಿ. ಟಿಕೆಟ್ಟಿಗೆ ಕ್ಯೂಆರ್ ಕೋಡ್ ಇದೆ, ಮೊಬೈಲಿನಲ್ಲೇ ತೆಗೆದುಕೊಂಡರೆ ಸ್ವಲ್ಪ ಅಗ್ಗ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಒಳಗೆ ಹೋದ ತಕ್ಷಣ ಮೆಟ್ಟಿಲ ಕಡೆ ಓಡಬೇಡಿ. ಕೆಳಗೆ ನಿಂತು ತಲೆ ಎತ್ತಿ. ನಡುವೆ ಒಂದು ಕಂಬವೂ ಇಲ್ಲ. ಚೌಕದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿದೆ? ಮೇಲೆ ನೋಡಿ: ಕಮಾನುಗಳು ಒಂದನ್ನೊಂದು ಹೆಣೆದುಕೊಂಡು, ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ ಕಾಣುತ್ತವೆ. ನಾಲ್ಕು ಮೂಲೆ ಎಂಟಾಗಿ, ಎಂಟು ದುಂಡಗಾಗಿ, ಭಾರವೆಲ್ಲ ಗೋಡೆಗೆ ಇಳಿಯುತ್ತದೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಆ ಕಾಲದ ಇಷ್ಟು ದೊಡ್ಡ ಗುಮ್ಮಟ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ. 1656ರಲ್ಲಿ ತೀರಿಕೊಂಡ ಬಿಜಾಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾ ಮತ್ತು ಅವನ ಮನೆಯವರ ನಿಜವಾದ ಗೋರಿಗಳು ನೆಲದ ಕೆಳಗಿವೆ.

ಈಗ ಹತ್ತಿ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗೆ ಮೆಟ್ಟಿಲಿವೆ, ನೂರಕ್ಕೂ ಜಾಸ್ತಿ. ಇಕ್ಕಟ್ಟು, ಎತ್ತರ. ಮಂಡಿನೋವಿದ್ದವರು ಪ್ರತಿ ಅಂತಸ್ತಿನ ಕಿಂಡಿ ಹತ್ತಿರ ನಿಂತು ಗಾಳಿ ತೆಗೆದುಕೊಳ್ಳಿ. ಅವಸರ ಇಲ್ಲ. ಮೇಲೆ ಹೋದಾಗ ಮೊದಲು ಹೊರಗಿನ ತಾರಸಿ ಸಿಗುತ್ತದೆ. ಬೆಳಗಿನ ಮಂಜಿನಲ್ಲಿ ಇಡೀ ಊರು ಕಾಣುತ್ತದೆ. ಮಸೀದಿಯ ಗುಮ್ಮಟ, ಕೋಟೆಗೋಡೆ, ಅಲ್ಲಲ್ಲಿ ಹುಣಸೆ ಬೇವಿನ ಮರ.

ಆಮೇಲೆ ಸಣ್ಣ ಬಾಗಿಲು ದಾಟಿ ಪಿಸುಗುಟ್ಟುವ ಗ್ಯಾಲರಿಗೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕೂಗುವುದು. ಕೂಗಿದರೆ ಏಳೆಂಟು ಸಲ ತಿರುಗಿ ಬರುತ್ತದೆ, ನಿಜ. ಆದರೆ ಎಲ್ಲರೂ ಕೂಗಿದರೆ ಬರೀ ಗದ್ದಲ, ಬೇರೇನೂ ಕೇಳುವುದಿಲ್ಲ. ಹೀಗೆ ಮಾಡಿ. ಒಬ್ಬರು ಗೋಡೆಗೆ ಒರಗಿ ಕೂರಿ. ಇನ್ನೊಬ್ಬರು ಅರ್ಧ ಸುತ್ತು ನಡೆದು ನೇರ ಎದುರಿಗೆ ಹೋಗಿ ಕೂರಿ. ಮುಖ ಗೋಡೆಯ ಕಡೆ ತಿರುಗಿಸಿ, ಕಿವಿಯಲ್ಲಿ ಗುಟ್ಟು ಹೇಳುವಷ್ಟೇ ಮೆಲ್ಲಗೆ ಮಾತಾಡಿ. ದುಂಡಗಿನ ಗೋಡೆ ಆ ದನಿಯನ್ನು ಹಿಡಿದುಕೊಂಡು ಹೋಗಿ ಆಚೆಯವರ ಕಿವಿಗೆ ಮುಟ್ಟಿಸುತ್ತದೆ. ಕಾಗದ ಹರಿದರೂ ಕೇಳಿಸುತ್ತದೆ.

ಒಂದು ಜನವರಿಯಲ್ಲಿ ನಮ್ಮ ಕಾಕಾ, ಕಾಕು ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಕಾಕು ಹಳೆಯ ಕಾಲದವರು. ಗಂಡನ ಹೆಸರು ಬಾಯಿಬಿಟ್ಟು ಹೇಳಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಅವರನ್ನು ಗೋಡೆಯ ಹತ್ತಿರ ಕೂರಿಸಿ, ‘ಕಾಕು, ಏನರ ಹೇಳ್ರಿ’ ಅಂದೆ. ಸೆರಗು ಬಾಯಿಗೆ ಅಡ್ಡ ಹಿಡಿದು ಅವರು ಒಡಪು ಹೇಳಿದರು:

‘ಏಳು ಸಲ ಮಾತಾಡ್ತೈತಿ ಗುಮ್ಮಟದ ಗ್ವಾಡಿ,
ನಮ್ಮ ರಾಯರ ಹೆಸರ ಒಂದ ಸಲ ಹೇಳತೀನಿ ನೋಡಿ...’

ಕೊನೆಗೆ ಹೆಸರನ್ನೂ ಹೇಳಿದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಆಚೆ ದಂಡೆಯಲ್ಲಿ ಕಾಕಾ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗೋಡೆಯೊಳಗಿಂದ ಅವರ ದನಿ ಬಂತು: ‘ಕೇಳಸ್ತು. ಇನ್ನೊಮ್ಮೆ ಹೇಳು.’ ಆಗ ಗಂಟೆ ಏಳೂ ಆಗಿರಲಿಲ್ಲ. ಒಂಬತ್ತು ಗಂಟೆಗೆ ಹೋಗಿದ್ದರೆ ಇದು ಆಗುತ್ತಿರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ. ಶುಕ್ರವಾರ ರಜೆ. ಉಳಿದ ದಿನವೂ ನಸುಕಿನಲ್ಲಿ ತೆರೆದಿರುವುದಿಲ್ಲ, ಆಸಕ್ತಿ ಇದ್ದವರು ತಿಂಡಿ ಆದ ಮೇಲೆ ಬನ್ನಿ.

ತಿಂಡಿ, ಆಮೇಲೆ ಊರ ನಡುವೆ

ತಿಂಡಿಗೆ ಚುರುಮುರಿ ಸೂಸಲಾ, ಮಿರ್ಚಿ ಬಜ್ಜಿ, ಚಹಾ. ಖಾರ ಎನಿಸಿದರೆ ಮೊದಲೇ ಹೇಳಿ.

ಅಲ್ಲಿಂದ ಜುಮ್ಮಾ ಮಸೀದಿ. ಒಂದನೇ ಅಲಿ ಆದಿಲ್ ಶಾ ಕಟ್ಟಿಸಲು ಶುರು ಮಾಡಿದ್ದು. ಇಂದಿಗೂ ನಮಾಜು ನಡೆಯುವ ಜಾಗ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಉಳಿದ ಹೊತ್ತಿನಲ್ಲಿ ಮೈ ಮುಚ್ಚುವ ಬಟ್ಟೆ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕೇಳಿಕೊಂಡು ಒಳಗೆ ಹೋಗಿ. ನೆಲದ ಮೇಲೆ ಒಬ್ಬೊಬ್ಬರು ಕೂರುವಷ್ಟು ಜಾಗ ಗೆರೆ ಎಳೆದು ಗುರುತು ಮಾಡಿದ್ದಾರೆ. ಅಂಥವು ಎರಡು ಸಾವಿರಕ್ಕೂ ಜಾಸ್ತಿ. ಬ್ಯಾಗಿನಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಂಡಿರಿ. ಬಿಸಿಲೇರಿದ ಮೇಲೆ ಇಲ್ಲಿನ ಕಲ್ಲು ಅಂಗಾಲು ಸುಡುತ್ತದೆ.

ಮಸೀದಿಯಿಂದ ಕೋಟೆಯ ಕಡೆ ಬರುವ ದಾರಿಯಲ್ಲಿ ಮೆಹ್ತರ್ ಮಹಲ್. ಹೆಸರಿಗೆ ಮಹಲ್, ನೋಡಬೇಕಾದದ್ದು ಹೆಬ್ಬಾಗಿಲು. ಮೇಲಿನ ಬಾಲ್ಕನಿಯನ್ನು ಹೊತ್ತ ಕಲ್ಲಿನ ತೊಲೆಗಳಲ್ಲಿ ಮರಗೆಲಸದಂಥ ಸೂಕ್ಷ್ಮ ಕೆತ್ತನೆ. ಆಟೋ ನಿಲ್ಲಿಸಿ, ಐದು ನಿಮಿಷ ಸಾಕು.

ಒಳಕೋಟೆಯ ಗಗನ ಮಹಲ್ ಈಗ ಛಾವಣಿ ಇಲ್ಲದ ಒಂದು ಭಾರಿ ಕಮಾನು. ಮಕ್ಕಳು ಅದರ ಕೆಳಗೆ ಆಡುತ್ತಿರುತ್ತಾರೆ. 1686ರಲ್ಲಿ ಔರಂಗಜೇಬ ಊರು ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆ ಹಾಕಿ ಇಲ್ಲಿಗೇ ತಂದರು ಎಂದು ಹೇಳುತ್ತಾರೆ. ಅಲ್ಲಿಂದ ಬಾರಾ ಕಮಾನಿಗೆ ನಡೆದೇ ಹೋಗಿ. ಎರಡನೇ ಅಲಿ ಆದಿಲ್ ಶಾ ತನಗಾಗಿ ಕಟ್ಟಿಸಲು ಹೊರಟ ಗೋರಿ ಅದು, ಮುಗಿಯಲೇ ಇಲ್ಲ. ಕಪ್ಪು ಕಲ್ಲಿನ ಕಮಾನುಗಳು ಸಾಲಾಗಿ ಬಯಲಿಗೆ ನಿಂತಿವೆ, ಅವುಗಳ ನಡುವೆ ಆಕಾಶ. ಟಿಕೆಟ್ ಇಲ್ಲ.

ಊಟ ಮತ್ತು ನಿದ್ದೆ

ಮಧ್ಯಾಹ್ನ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಒಳಗಿಂದ ಕೇಳುತ್ತಿದ್ದರೆ ಆ ಖಾನಾವಳಿಗೆ ಧೈರ್ಯವಾಗಿ ನುಗ್ಗಿ. ಚಳಿಗಾಲದಲ್ಲಿ ಯಾರಾದರೂ ‘ಹೊಲಕ್ಕ ಸೀತನಿ ತಿನ್ನಾಕ ಬರ್ರಿ’ ಅಂತ ಕರೆದರೆ ಉಳಿದ ಕಾರ್ಯಕ್ರಮ ಬಿಟ್ಟಾದರೂ ಹೋಗಿ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕೈಗೆ ಹಾಕುತ್ತಾರೆ.

ಒಂದರಿಂದ ಮೂರೂವರೆ ತನಕ ರೂಮಿನಲ್ಲಿ ಮಲಗಿ. ನಮ್ಮೂರಿನವರೂ ಅದನ್ನೇ ಮಾಡುತ್ತಾರೆ.

ಸಂಜೆ ಪಶ್ಚಿಮಕ್ಕೆ

ಮೊದಲು ಉಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 24 ಮೀಟರ್ ಎತ್ತರ. ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ, ಮಕ್ಕಳ ಕೈ ಹಿಡಿದುಕೊಳ್ಳಿ. ಮೇಲೆ ಉದ್ದನೆಯ ತೋಪುಗಳಿವೆ. ಬೆಳಿಗ್ಗೆ ನೀವು ನಿಂತಿದ್ದ ಗುಮ್ಮಟ ಅಷ್ಟು ದೂರದಿಂದಲೂ ದೊಡ್ಡದಾಗೇ ಕಾಣುತ್ತದೆ.

ಹತ್ತಿರದಲ್ಲೇ ಕೋಟೆಗೋಡೆಯ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಯ ಹತ್ತಿರ ಹೋಗಿ ನೋಡಿ: ಬಾಯಿ ತೆರೆದ ಸಿಂಹದ ಮುಖ, ಹಲ್ಲುಗಳ ನಡುವೆ ಸಿಕ್ಕಿಕೊಂಡ ಆನೆ. ಅಂಗೈಯಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ಗುಂಯ್‌ಗುಡುತ್ತದೆ. 1854ರಲ್ಲಿ ಬ್ರಿಟಿಷರು ಇದನ್ನು ಹಳೆಯ ಸಾಮಾನಿನ ಜೊತೆ ಹರಾಜಿಗೆ ಹಾಕಿದ್ದರು. ಬಂದ ಬೆಲೆ ಬರೀ 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು, ತೋಪು ನಮಗೆ ಉಳಿಯಿತು.

ಹೊತ್ತಿದ್ದರೆ ತಾಜ್ ಬಾವಡಿಗೂ ಹೋಗಿ. ಬಾವಡಿ ಅಂದರೆ ಮೆಟ್ಟಿಲಿರುವ ಬಾವಿ. ದೊಡ್ಡ ಕಮಾನಿನ ಬಾಗಿಲು, ಕೆಳಗಿಳಿಯುವ ಮೆಟ್ಟಿಲು, ನಾಲ್ಕೂ ಕಡೆ ಕಲ್ಲಿನ ಗೋಡೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ರಾಜಧಾನಿ ನಡೆಸಿದವರು ನೀರಿಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ತೊರವೆಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದಿದ್ದರು.

ಕೊನೆಗೆ ಇಬ್ರಾಹಿಂ ರೋಜಾ. ಬಾಗಿಲು ಮುಚ್ಚುವುದಕ್ಕೆ ಒಂದೂವರೆ ಗಂಟೆ ಮೊದಲೇ, ನಾಲ್ಕೂವರೆ ಹೊತ್ತಿಗೆ ಒಳಗಿರಿ. ಇಲ್ಲಿಗೂ ಬೇರೆ ಟಿಕೆಟ್. ಎತ್ತರದ ಒಂದೇ ಜಗಲಿಯ ಮೇಲೆ ಎರಡು ಕಟ್ಟಡ ಎದುರುಬದುರು ಕೂತಿವೆ. ಪೂರ್ವದ್ದು ಗೋರಿ, ಪಶ್ಚಿಮದ್ದು ಮಸೀದಿ. ಸಂಗೀತದ ಹುಚ್ಚಿದ್ದ, ಸರಸ್ವತಿಯನ್ನು ನೆನೆದು ಹಾಡು ಕಟ್ಟಿದ ಎರಡನೇ ಇಬ್ರಾಹಿಂ ಆದಿಲ್ ಶಾ ಮಲಗಿರುವುದು ಇಲ್ಲೇ. ಕಟ್ಟಿದವನು ಮಲಿಕ್ ಸಂದಲ್.

ಗುಮ್ಮಟದ ದೊಡ್ಡಸ್ತಿಕೆ ಇಲ್ಲಿ ಹುಡುಕಬೇಡಿ. ಕಿಟಕಿಗಳ ಹತ್ತಿರ ಹೋಗಿ. ಜಾಲರಿ ಎಂದುಕೊಂಡದ್ದು ಜಾಲರಿಯಲ್ಲ, ಅರಬ್ಬಿ ಅಕ್ಷರಗಳು. ಕಲ್ಲು ಕೊರೆದು ಅಕ್ಷರ ಉಳಿಸಿದ್ದಾರೆ, ಬೆಳಕು ಅವುಗಳ ಸಂದಿನಿಂದಲೇ ಒಳಗೆ ಬರುತ್ತದೆ. ಆಮೇಲೆ ಮಸೀದಿಯ ಚಜ್ಜದ ಕೆಳಗೆ ನೋಡಿ, ಒಂದೇ ಕಲ್ಲಿನಲ್ಲಿ ಕೆತ್ತಿದ ಸರಪಳಿ ಕೆಲವು ಕಡೆ ಇನ್ನೂ ನೇತಾಡುತ್ತಿದೆ. ಬಿಸಿಲು ಕೆಂಪಗಾಗುವ ತನಕ ಹೊರಗಿನ ಹುಲ್ಲಿನ ಮೇಲೆ ಕೂರಿ. ಗಿಳಿಗಳು ಬರುತ್ತವೆ.

ಮರುದಿನ ರಜೆ ಉಳಿದಿದ್ದರೆ ತೊರವೆಯ ನರಸಿಂಹ ದೇವರ ಗುಡಿ ಮತ್ತು ಸಂಗೀತ ಮಹಲ್, ಇಲ್ಲವೇ ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ. ಬಾಗೇವಾಡಿಗೆ ಬಸ್ ಸ್ಟ್ಯಾಂಡಿನಿಂದ ಬಸ್ಸು ಸಿಗುತ್ತಲೇ ಇರುತ್ತವೆ, ಒಂದು ಗಂಟೆ ದಾರಿ. ಹೊರಡುವ ಮುಂಚೆ ಮಾರ್ಕೆಟ್ಟಿನಲ್ಲಿ ಒಂದು ಕಿಲೋ ಒಣದ್ರಾಕ್ಷಿ ಕಟ್ಟಿಸಿಕೊಳ್ಳಿ. ಈ ಜಿಲ್ಲೆಯ ಹೊಲದ್ದೇ. ಕೊಳ್ಳುವ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ, ಅಂಗಡಿಯವರೇ ಕೊಡುತ್ತಾರೆ.