ತಾಯಿ ಕಾರ್ಡ್ ಇಲ್ಲದ ಮಗು: ಚಿಕ್ಕಮಗಳೂರಿನ ಒಂದು ಶಿಶು ಅಪಹರಣದ ತನಿಖೆ

ಆಸ್ಪತ್ರೆಯಿಂದ ಹಸುಗೂಸು ಕಳವಾದಾಗ, ಕದ್ದವರಿಗೆ ಆ ಮಗು ಏಕೆ ಬೇಕಾಗಿತ್ತು ಎಂಬುದರ ಬಗ್ಗೆ ತನಿಖಾಧಿಕಾರಿಗೆ ಮೊದಲ ಒಂದೆರಡು ಗಂಟೆಗಳಲ್ಲೇ ಒಂದು ಅಂದಾಜು ಬರಬೇಕು. ಹುಡುಕುವ ದಿಕ್ಕು ಅದರಿಂದಲೇ ನಿರ್ಧಾರವಾಗುತ್ತದೆ. ಮಾರುವ ಉದ್ದೇಶವಿದ್ದರೆ ಮಗು ಆ ಹೊತ್ತಿಗಾಗಲೇ ಊರು ಬಿಟ್ಟಿರುತ್ತದೆ. ಕಡೂರು ರೈಲು ನಿಲ್ದಾಣ, ಚಾರ್ಮಾಡಿ ಘಾಟಿಯ ದಾರಿ, ಬೆಂಗಳೂರಿನ ಬಸ್ಸುಗಳನ್ನು ನೋಡಬೇಕಾಗುತ್ತದೆ. ತನ್ನದೇ ಮಗುವೆಂದು ಸಾಕಿಕೊಳ್ಳುವ ಉದ್ದೇಶವಿದ್ದರೆ ಅದು ಹತ್ತಿರದ ಯಾವುದೋ ಮನೆಯಲ್ಲಿ, ನೆರೆಹೊರೆಯವರೆಲ್ಲ ಬಂದು ನೋಡಿ ಹೋಗುವ ತೊಟ್ಟಿಲಿನಲ್ಲೇ ಇರುತ್ತದೆ. ಹಣಕ್ಕಾಗಿ ಒತ್ತೆಯಿಡುವವರು ತೋಟದ ಕೂಲಿಯವರ ಮಗುವಿಗೆ ಕೈ ಹಾಕುವುದಿಲ್ಲವಾದ್ದರಿಂದ, ಆ ಸಾಧ್ಯತೆಯನ್ನು ನಾನು ಆರಂಭದಲ್ಲೇ ಬದಿಗಿಟ್ಟಿದ್ದೆ.

ನಾನು ಚಿಕ್ಕಮಗಳೂರಿನಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಆಗಿದ್ದ ಕಾಲದ, ಅಂದರೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬರುವ ಮುಂಚಿನ ಪ್ರಕರಣವಿದು. ಆಸ್ಪತ್ರೆಯ ಮತ್ತು ಹಳ್ಳಿಯ ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಆರೂವರೆಯ ಸುಮಾರಿಗೆ, ಹುಟ್ಟಿ ಎರಡನೆಯ ದಿನದ ಗಂಡುಮಗು ಬಾಣಂತಿಯರ ವಾರ್ಡಿನಿಂದ ಕಾಣೆಯಾಗಿತ್ತು. ಅರೇಬಿಕಾ ಕೊಯ್ಲಿನ ಭರಾಟೆಯ ಕಾಲವಾದ್ದರಿಂದ ಮಗುವಿನ ತಂದೆ ತೋಟದ ಕೆಲಸಕ್ಕೆ ಹಿಂದಿರುಗಿದ್ದ. ಬಾಣಂತಿಯ ಜೊತೆ ಅವಳ ತಾಯಿ ಮಾತ್ರ ಇದ್ದರು. ಆಕೆ ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ಕೆಳಗಿಳಿದಾಗ, ಹಿಂದಿನ ದಿನದಿಂದ ವಾರ್ಡಿನಲ್ಲಿ ಪರಿಚಯ ಬೆಳೆಸಿಕೊಂಡಿದ್ದ ಹೆಂಗಸೊಬ್ಬಳು, ಮಗುವಿನ ತೂಕ ನೋಡಬೇಕೆಂದು ಡಾಕ್ಟರು ಕರೆಯುತ್ತಿದ್ದಾರೆ, ನಾನೇ ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿ ಎತ್ತಿಕೊಂಡು ಹೋಗಿದ್ದಳು. ಬಾಣಂತಿಗೆ ಅನುಮಾನ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಮಗು ಕಾಣೆಯಾದ ದೂರುಗಳಲ್ಲಿ ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್ ಎನ್ನುವ ಹಳೆಯ ರೂಢಿಗೆ 2013ರ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟ್ ತೆರೆ ಎಳೆದಿತ್ತು. ಕಾಣೆಯಾದ ಪ್ರತಿ ಮಗುವಿನ ವಿಷಯದಲ್ಲೂ ಅಪಹರಣ ಅಥವಾ ಸಾಗಾಣಿಕೆ ನಡೆದಿದೆಯೆಂದೇ ಮೊದಲಿಗೆ ಭಾವಿಸಿ ಪ್ರಕರಣ ದಾಖಲಿಸಬೇಕೆಂಬುದು ಆ ಆದೇಶದ ತಿರುಳು. ನಾವು ಭಾರತೀಯ ದಂಡ ಸಂಹಿತೆಯ 363ನೇ ಕಲಮಿನಡಿ ಪ್ರಕರಣ ದಾಖಲಿಸಿದೆವು. ಅದರ ಜೊತೆ 369ನ್ನೂ ಸೇರಿಸೋಣವೆಂದು ಠಾಣೆಯ ರೈಟರ್ ಸೂಚಿಸಿದಾಗ ನಾನು ಒಪ್ಪಲಿಲ್ಲ. ಅದು ಹತ್ತು ವರ್ಷದೊಳಗಿನ ಮಗುವಿನ ಮೈಮೇಲಿನ ಒಡವೆ, ವಸ್ತುಗಳನ್ನು ಕದಿಯುವ ಉದ್ದೇಶದ ಅಪಹರಣಕ್ಕೆ ಸಂಬಂಧಿಸಿದ ಕಲಮು. ಶಿಶು ಕಳವಿಗೆ ಅದನ್ನು ಹಚ್ಚಿದರೆ ವಕೀಲರು ಮೊದಲ ದಿನವೇ ಕೀಳುತ್ತಾರೆ. ಇಂದಿನ ಸಂಹಿತೆಯಲ್ಲಿ ಈ ಎರಡು ಅಪರಾಧಗಳು 137 ಮತ್ತು 97ನೇ ಕಲಮುಗಳಲ್ಲಿವೆ. ಗೊಂದಲ ಮಾತ್ರ ಹಾಗೆಯೇ ಮುಂದುವರಿದಿದೆಯೆಂದು ಕೇಳುತ್ತೇನೆ.

ಉದ್ದೇಶದ ಸುಳಿವು ಸಿಕ್ಕಿದ್ದು ಅಜ್ಜಿಯ ಮಾತಿನಲ್ಲಿ. ಅವರನ್ನು ಠಾಣೆಗೆ ಕರೆಸದೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಂದು ಲೋಟ ಕಾಫಿ ತರಿಸಿಕೊಟ್ಟು, ಆ ಹೆಂಗಸಿನ ಚಹರೆಯ ವಿಷಯವನ್ನೇ ಎತ್ತದೆ, ಅವಳು ಆಡಿದ ಮಾತುಗಳನ್ನು ಕೇಳಿದೆ. ಚಹರೆಯಿಂದ ಅಂದು ಪ್ರಯೋಜನವೂ ಇರಲಿಲ್ಲ. ಚಿಕ್ಕಮಗಳೂರಿನ ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ತಲೆಗೆ ಮಫ್ಲರ್, ಮೈಗೆ ಶಾಲು ಇಲ್ಲದ ಹೆಂಗಸೇ ಸಿಗುವುದಿಲ್ಲ.

“ಅಜ್ಜಿ, ಅವಳು ನಿಮ್ಮನ್ನ ಏನೇನು ಕೇಳಿದಳು? ಚಿಕ್ಕ ಮಾತಾದರೂ ಬಿಡಬೇಡಿ.”

“ಏನೂ ಇಲ್ಲ ಸಾರ್. ಊರು ಯಾವುದು ಅಂದ್ಲು. ಮಗು ಎಷ್ಟು ಹೊತ್ತಿಗೆ ಹುಟ್ತು ಅಂತ ಕೇಳಿದ್ಲು. ನಿಮಿಷ ಸಮೇತ ಹೇಳಿ ಅಂದ್ಲು.”

ಮಾರುವವಳಿಗೆ ಜನನದ ನಿಮಿಷ ಬೇಕಿಲ್ಲ. ನಕ್ಷತ್ರ ನೋಡಿಸಿ ನಾಮಕರಣ ಮಾಡಬೇಕಾದವಳಿಗೆ, ಅತ್ತೆ ಕೇಳಿದರೆ ಉತ್ತರ ಹೇಳಬೇಕಾದವಳಿಗೆ ಅದು ಬೇಕು. ಇದಕ್ಕೆ ಪುಷ್ಟಿಯಾಗಿ ಮೆಟ್ಟಿಲಿನ ತಿರುವಿನಲ್ಲಿ, ಮಗುವಿಗೆ ಸುತ್ತಿದ್ದ ಆಸ್ಪತ್ರೆಯ ಬಟ್ಟೆ ಮಡಿಸಿಟ್ಟ ಹಾಗೆ ಸಿಕ್ಕಿತು. ಪಕ್ಕದಲ್ಲಿ ಉಣ್ಣೆಯ ಟೋಪಿಯ ಬೆಲೆಚೀಟಿ ಬಿದ್ದಿತ್ತು. ಹೊಸ ಬಟ್ಟೆ ತಂದು, ಚಳಿಯಲ್ಲಿ ನಿಂತು, ಮಗುವಿಗೆ ತೊಡಿಸಿಕೊಂಡು ಹೋಗುವ ವ್ಯವಧಾನ ಅವಳಿಗಿತ್ತು. ಎರಡನ್ನೂ ಪಂಚರ ಸಮಕ್ಷಮ ಮಹಜರು ಮಾಡಿ ವಶಕ್ಕೆ ಪಡೆದೆವು. ಕಡೂರಿನ ರೈಲ್ವೆ ಪೊಲೀಸರಿಗೂ ಕೊಟ್ಟಿಗೆಹಾರದ ಕಡೆಗೂ ವೈರ್‌ಲೆಸ್ ಮೂಲಕ ಸಂದೇಶ ಹೋಗಿತ್ತಾದರೂ, ನನ್ನ ಹೆಚ್ಚಿನ ಸಿಬ್ಬಂದಿಯನ್ನು ತಾಲ್ಲೂಕಿನೊಳಗೇ ಉಳಿಸಿಕೊಳ್ಳುವ ನಿರ್ಧಾರವನ್ನು ಅಲ್ಲಿಯೇ ಕೈಗೊಂಡೆ.

ಸಮಯದ ಲೆಕ್ಕವನ್ನು ನನಗೆ ಕಲಿಸಿದವರು ಮಕ್ಕಳ ವೈದ್ಯರು. ನವಜಾತ ಶಿಶುವಿನ ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. 36ಕ್ಕಿಂತ ಕೆಳಗೆ ಇಳಿದರೆ ಮಗು ಹಾಲು ಕುಡಿಯುವುದನ್ನು ಕಡಿಮೆ ಮಾಡುತ್ತದೆ, ಹಾಲಿಲ್ಲದೆ ರಕ್ತದ ಸಕ್ಕರೆ ಕುಸಿಯುತ್ತದೆ, ಸಕ್ಕರೆ ಕುಸಿದ ಮಗು ಮೈ ಬಿಸಿಯನ್ನು ಕಾಯ್ದುಕೊಳ್ಳಲಾರದು, 32ಕ್ಕಿಂತ ಕೆಳಗೆ ಹೋದರೆ ಪ್ರಾಣಕ್ಕೇ ಅಪಾಯ ಎಂದು ಅವರು ವಿವರಿಸಿದರು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಆ ಕಾಲದ ರಾತ್ರಿಯ ತಾಪಮಾನ ಹದಿನೈದು ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕಾದ ಮಗುವಿಗೆ ತಾಯಿಯ ಎದೆಹಾಲು ಇರಲಿಲ್ಲ. ಆದ್ದರಿಂದ ಔಷಧಿ ಅಂಗಡಿಗಳಲ್ಲಿ ಹಾಲಿನ ಪುಡಿಯ ಡಬ್ಬಿ ಕೊಂಡವರ ವಿಚಾರಣೆಗೆಂದೇ ಇಬ್ಬರು ಪೇದೆಗಳನ್ನು ನೇಮಿಸಿದೆ.

ಕ್ಯಾಮೆರಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಅದನ್ನೇ ತನಿಖೆಯೆಂದು ತಿಳಿಯುತ್ತಾರೆ. ಆಸ್ಪತ್ರೆಯ ಯಂತ್ರದ ಗಡಿಯಾರ ನಿಜವಾದ ವೇಳೆಗಿಂತ ಕಾಲು ಗಂಟೆಯಷ್ಟು ಮುಂದಿತ್ತು. ದೃಶ್ಯ ನೋಡುವ ಮೊದಲೇ ಈ ವ್ಯತ್ಯಾಸವನ್ನು ಮೊಬೈಲಿನ ವೇಳೆಯೊಂದಿಗೆ ಹೋಲಿಸಿ ಮಹಜರಿನಲ್ಲಿ ಬರೆಸದಿದ್ದರೆ, ಮುಂದೆ ರಸ್ತೆಯ ಅಂಗಡಿಯ ಕ್ಯಾಮೆರಾದೊಂದಿಗೆ ಇದನ್ನು ಜೋಡಿಸುವುದೇ ಆಗುವುದಿಲ್ಲ. ಐ.ಜಿ. ರಸ್ತೆಯ ಅಂಗಡಿಗಳ ದೃಶ್ಯಗಳಲ್ಲಿ ಮಂಜು ತುಂಬಿ, ವಾಹನಗಳ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಸ್ ನಿಲ್ದಾಣದ ಬಳಿಯ ಮೊಬೈಲ್ ಟವರಿನ ಕರೆಗಳ ಪಟ್ಟಿಯನ್ನು ಕೇಳಿ ಪತ್ರ ಬರೆದೆವು. ಆ ರಾಶಿಯಲ್ಲಿ ಒಂದು ಸಂಖ್ಯೆಯನ್ನು ಹೆಕ್ಕಬೇಕಾದರೆ ಮೊದಲು ಒಂದು ಹೆಸರು ಬೇಕು.

ಉಪಯೋಗಕ್ಕೆ ಬಂದವರು ನಿಲ್ದಾಣದ ಹೊರಗೆ ಬೆಂಕಿ ಕಾಯಿಸುತ್ತಿದ್ದ ಆಟೋದವರು ಮತ್ತು ಆಲ್ದೂರು ಕಡೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಹಸುಗೂಸನ್ನು ಎತ್ತಿಕೊಂಡು ಹತ್ತಿದ ಹೆಂಗಸಿಗೆ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಡುತ್ತಾರೆ. ಹಾಗಾಗಿ ಕಂಡಕ್ಟರಿಗೆ ಅಂಥವರು ನೆನಪಿನಲ್ಲಿ ಉಳಿಯುತ್ತಾರೆ. ಬಾಣಂತಿ ಒಬ್ಬಳೇ ಬಸ್ಸಿನಲ್ಲಿ ಹೋಗುತ್ತಿರುವುದನ್ನು ಕಂಡು ಅವನಿಗೆ ವಿಚಿತ್ರವೆನಿಸಿತ್ತಂತೆ. ಆಲ್ದೂರಿಗಿಂತ ಮುಂಚಿನ ಒಂದು ಅಡ್ಡರಸ್ತೆಯಲ್ಲಿ ಅವಳು ಇಳಿದಿದ್ದಳು. ಅಲ್ಲಿಂದ ಒಳಗೆ ಹತ್ತಾರು ತೋಟಗಳು, ಚದುರಿದ ಮನೆಗಳು, ಕೊಯ್ಲಿಗೆಂದು ಹೊರಗಿನಿಂದ ಬಂದ ಅಪರಿಚಿತ ಮುಖಗಳು. ಮನೆ ಮನೆಗೆ ಖಾಕಿ ನುಗ್ಗಿಸಿದರೆ ಸುದ್ದಿ ನಮಗಿಂತ ಮೊದಲು ಮುಟ್ಟುತ್ತದೆ. ಹೆದರಿದ ಹೆಂಗಸು ಮಗುವನ್ನು ಕಾಫಿ ಗಿಡಗಳ ನಡುವೆ ಬಿಟ್ಟು ಕೈತೊಳೆದುಕೊಂಡರೆ ಆ ಚಳಿಯಲ್ಲಿ ಸಂಜೆಯ ಒಳಗೆ ಎಲ್ಲವೂ ಮುಗಿಯುತ್ತದೆ. ಇದೇ ಕಾರಣಕ್ಕೆ ಬಸ್ಸಿನ ವಿವರವನ್ನು ನಾನು ಪತ್ರಕರ್ತರಿಗೆ ಕೊಡಲಿಲ್ಲ. ಮಗುವಿನ ಫೋಟೊ ಕೇಳಿದವರಿಗೂ ಇಲ್ಲವೆಂದೆ; ಸಂತ್ರಸ್ತ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಅಲ್ಲದೆ ಎರಡು ದಿನದ ಕೂಸಿನ ಫೋಟೊ ನೋಡಿ ಯಾರೂ ಯಾವ ಕೂಸನ್ನೂ ಗುರುತಿಸಲಾರರು.

ಆ ಹೊತ್ತಿನಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಆ ಭಾಗದ ಆಶಾ ಕಾರ್ಯಕರ್ತೆಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆಸಿದೆ. ಪೊಲೀಸರ ಬೀಟ್ ಪುಸ್ತಕದಲ್ಲಿ ರೌಡಿಗಳಿರುತ್ತಾರೆ, ಕಳ್ಳರಿರುತ್ತಾರೆ, ಗರ್ಭಿಣಿಯರು ಇರುವುದಿಲ್ಲ. ಸುಮಾರು ಸಾವಿರ ಜನಕ್ಕೊಬ್ಬರಂತೆ ಇರುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಯಾವ ಮನೆಯಲ್ಲಿ ಯಾರಿಗೆ ಎಷ್ಟು ತಿಂಗಳು, ಗರ್ಭಿಣಿಯ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಆಗಿದೆಯೇ, ಕಬ್ಬಿಣದ ಮಾತ್ರೆ ಪಡೆದಿದ್ದಾರೆಯೇ, ಹೆರಿಗೆ ಎಂದು, ಎಲ್ಲವೂ ಇರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೂ ಆಕೆ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಹೋಗಿ ಮಗುವಿನ ತೂಕ, ಮೈ ಬಿಸಿ ನೋಡಬೇಕು. ನಾನು ಅವರಿಗೆ ಕೇಳಿದ ಪ್ರಶ್ನೆ ಒಂದೇ: ಬಸುರಿ ಎಂದು ಹೇಳಿಕೊಂಡು, ಕಾರ್ಡಿಗೆ ಮಾತ್ರ ಸಿಗದೆ ತಪ್ಪಿಸಿಕೊಳ್ಳುತ್ತಿರುವವರು ಯಾರಾದರೂ ಇದ್ದಾರೆಯೇ?

ಮಧ್ಯವಯಸ್ಸಿನ ಒಬ್ಬಾಕೆ ತಕ್ಷಣ ಬಾಯಿ ಬಿಟ್ಟರು. “ಒಬ್ಬಳಿದ್ದಾಳೆ ಸಾರ್. ಹೋದಾಗಲೆಲ್ಲ ತವರಲ್ಲಿ ತೋರಿಸ್ತಿದೀನಿ, ಕಾರ್ಡ್ ಅಲ್ಲೇ ಇದೆ ಅಂತಾಳೆ. ಆ ಕಡೆಯ ಆಶಾಗೆ ಫೋನ್ ಮಾಡಿ ಕೇಳಿದ್ದೆ, ಅಂಥವಳು ತನ್ನ ಲಿಸ್ಟಲ್ಲೇ ಇಲ್ಲ ಅಂದ್ಲು. ಹೊಟ್ಟೆ ಮುಟ್ಟಿ ನೋಡೋಕೂ ಬಿಡ್ತಿರಲಿಲ್ಲ.” ಪೊಲೀಸರು ಕೇಳುವ ಮೊದಲೇ ಆಕೆ ಅರ್ಧ ತನಿಖೆ ಮುಗಿಸಿದ್ದರು.

ಜೀಪನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿದೆವು. ಮುಂದೆ ಆಶಾ ಕಾರ್ಯಕರ್ತೆ, ಅವರ ಜೊತೆ ಸೀರೆಯುಟ್ಟ ಮಹಿಳಾ ಪಿಎಸ್ಐ, ಸ್ವಲ್ಪ ಹಿಂದೆ ನಾನು ಮತ್ತು ಪಂಚರು. 108 ಆಂಬುಲೆನ್ಸ್ ಕರೆದರೆ ಬರುವಷ್ಟು ದೂರದಲ್ಲಿತ್ತು. ಅತ್ತೆ ಬಾಗಿಲಲ್ಲೇ ನಗುನಗುತ್ತ ಸ್ವಾಗತಿಸಿದರು. ಆಕೆಗೆ ಏನೂ ಗೊತ್ತಿರಲಿಲ್ಲವೆಂಬುದು ಮುಂದೆ ವಿಚಾರಣೆಯಲ್ಲೂ ಸ್ಪಷ್ಟವಾಯಿತು. ಒಳಗೆ ಒಲೆಯ ಬೆಚ್ಚಗಿನ ಮೂಲೆಯಲ್ಲಿ, ಉಣ್ಣೆ ಟೋಪಿ ಹಾಕಿಸಿಕೊಂಡು ಮಗು ಮಲಗಿತ್ತು. ಪಕ್ಕದಲ್ಲಿ ಒಳಲೆ, ಹಾಲಿನ ಪುಡಿಯ ಡಬ್ಬಿ. ಆಶಾ ಎಂದಿನ ಧಾಟಿಯಲ್ಲೇ ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿ, ತಾಯಿ ಕಾರ್ಡ್ ಕೇಳಿದರು. ಮಗುವಿಗೆ ಹುಟ್ಟಿದ ಕೂಡಲೇ ಕೊಡುವ ಬಿಸಿಜಿ, ಪೋಲಿಯೊ ಹನಿ ಆಯಿತೇ ಎಂದು ಕೇಳಿದರು. ಮೂರನೆಯ ಪ್ರಶ್ನೆಗೆ ಆ ಹೆಂಗಸು ನೆಲಕ್ಕೆ ಕುಸಿದು ಕುಳಿತಳು. ಆಂಬುಲೆನ್ಸಿನಲ್ಲಿ ಅಳೆದಾಗ ಮಗುವಿನ ಮೈ ಬಿಸಿ 36 ಡಿಗ್ರಿಗಿಂತ ತುಸು ಕೆಳಗಿತ್ತು. ಶಿಶು ತೀವ್ರ ನಿಗಾ ಘಟಕದಲ್ಲಿ ಅದು ಚೇತರಿಸಿಕೊಂಡಿತು.

ಎರಡು ಬಾರಿ ಗರ್ಭ ನಿಲ್ಲದೆ, ಮೂರನೆಯ ಸಲ ಸುಳ್ಳನ್ನೇ ಹೊತ್ತು ತಿರುಗಿದವಳು ಅವಳು. ಅವಳ ಕಥೆಯನ್ನು ಬೆಳೆಸುವುದು ನನ್ನ ಕೆಲಸವಲ್ಲ. ಆದರೆ ಇಂಥ ಪ್ರಕರಣದಲ್ಲಿ ಮಗು ಸಿಕ್ಕ ಕ್ಷಣ ತನಿಖೆ ಮುಗಿಯಿತೆಂದು ಹಾರ ಹಾಕಿಸಿಕೊಳ್ಳುವವರನ್ನು ಕಂಡಿರುವುದರಿಂದ, ಮುಂದಿನ ಕೆಲಸವನ್ನು ಸ್ವಲ್ಪ ವಿವರಿಸುತ್ತೇನೆ. ಸಿಕ್ಕಿರುವುದು ಇದೇ ತಾಯಿಯ ಮಗು ಎಂಬುದನ್ನು ಸಾಬೀತುಪಡಿಸಬೇಕು. ಟಿ.ವಿ. ಕ್ಯಾಮೆರಾಗಳ ಮುಂದೆ ಮಗುವನ್ನು ತಾಯಿಯ ಮಡಿಲಿಗೆ ಹಾಕಬೇಕೆಂಬ ಒತ್ತಡ ಮೇಲಿನಿಂದಲೂ ಇತ್ತು. ನಾನು ಮಗುವನ್ನು ಕಾಯ್ದೆಯ ಪ್ರಕಾರ ಇಪ್ಪತ್ನಾಲ್ಕು ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತಂದೆ. ಆಸ್ಪತ್ರೆಯ ದಾಖಲೆಯಲ್ಲಿದ್ದ ಪಾದದ ಗುರುತು, ರಕ್ತದ ಗುಂಪು ಮತ್ತು ಅಜ್ಜಿ ಹೇಳಿದ್ದ ಮಚ್ಚೆಯ ಆಧಾರದ ಮೇಲೆ ಸಮಿತಿಯವರು ಮಗು ಘಟಕದಲ್ಲಿರುವಾಗಲೇ ತಾಯಿ ಹಾಲೂಡಿಸಲು ಅನುಮತಿ ಕೊಟ್ಟರು. ಡಿಎನ್ಎ ಪರೀಕ್ಷೆಗೆಂದು ತಂದೆ, ತಾಯಿ, ಮಗುವಿನ ರಕ್ತದ ಮಾದರಿಗಳನ್ನು ವೈದ್ಯಾಧಿಕಾರಿಗಳ ಮೂಲಕ ತೆಗೆಸಿ, ಮೊಹರು ಮಾಡಿ, ಬೆಂಗಳೂರಿನ ಮಡಿವಾಳದ ವಿಧಿ ವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಆರೋಪಿಯನ್ನು ಮಹಿಳಾ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಿ, ಇತ್ತೀಚೆಗೆ ಹೆರಿಗೆಯಾದ ಲಕ್ಷಣಗಳಿಲ್ಲವೆಂಬ ವರದಿಯನ್ನೂ ಪಡೆದೆವು.

ಆಸ್ಪತ್ರೆಯ ಒಳಗಿನವರ ಕೈವಾಡದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಿದೆವು, ಏಕೆಂದರೆ ಮಗುವನ್ನು ಮಾರುವ ಅಪರಾಧದಲ್ಲಿ ಆಸ್ಪತ್ರೆಯ ಸಿಬ್ಬಂದಿ ಭಾಗಿಯಾಗಿದ್ದರೆ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಡಿ ಶಿಕ್ಷೆ ಮೂರರಿಂದ ಏಳು ವರ್ಷಗಳವರೆಗೆ ಏರುತ್ತದೆ. ಅವಳ ಕರೆಗಳ ವಿವರದಲ್ಲಿ ಅಂಥ ಸಂಪರ್ಕ ಕಾಣಲಿಲ್ಲ. ಸಂದರ್ಶಕರ ಪಾಸ್ ಇಲ್ಲದೆ ರಾತ್ರಿಯೆಲ್ಲ ವಾರ್ಡಿನಲ್ಲಿ ಉಳಿಯಲು ಬಿಟ್ಟದ್ದು ಮಾತ್ರ ನಿರ್ಲಕ್ಷ್ಯವೇ. ಅದರ ಬಗ್ಗೆ ಪ್ರತ್ಯೇಕ ವರದಿ ಕಳುಹಿಸಿದೆ. ಶಿಶು ಸಾಗಾಣಿಕೆ ನಡೆದ ಆಸ್ಪತ್ರೆಯ ಪರವಾನಗಿಯನ್ನೇ ಅಮಾನತುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆ, ಇಂಥ ವರದಿಗಳಿಗೆ ಇನ್ನು ಮುಂದಾದರೂ ಬೆಲೆ ಬಂದೀತು.

ಡಿಎನ್ಎ ವರದಿ ಬರುವುದರೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕಾಯಿತು. ವರದಿ ಬಂದ ಮೇಲೆ ಅದನ್ನು ಹೆಚ್ಚುವರಿ ದೋಷಾರೋಪ ಪಟ್ಟಿಯೊಂದಿಗೆ ನ್ಯಾಯಾಲಯಕ್ಕೆ ಒಪ್ಪಿಸಿದೆ. ಸಾಕ್ಷಿಗಳ ಪಟ್ಟಿಯ ಬಗ್ಗೆ ಸರ್ಕಾರಿ ಅಭಿಯೋಜಕರೊಂದಿಗೆ ಚರ್ಚಿಸುವಾಗ ಅವರು ರೂಢಿಯಂತೆ ಕ್ಯಾಮೆರಾ ದೃಶ್ಯದ ಪ್ರಮಾಣಪತ್ರ ಕೊಟ್ಟವರನ್ನು ಅಜ್ಜಿಯ ನಂತರ ವಿಚಾರಿಸೋಣವೆಂದರು. ಮಂಜಿನ ಆ ದೃಶ್ಯಗಳನ್ನು ಹಿಡಿದು ಎದುರು ವಕೀಲರು ಒಂದು ದಿನವನ್ನೇ ತಿನ್ನುತ್ತಾರೆ, ಮೊದಲು ಆಶಾ ಕಾರ್ಯಕರ್ತೆಯನ್ನೂ ಅವರ ಪುಸ್ತಕವನ್ನೂ ನ್ಯಾಯಾಲಯದ ಮುಂದಿಡಿ ಎಂದು ನಾನು ಕೇಳಿಕೊಂಡೆ. ಅವರು ಒಪ್ಪಿ ಕ್ರಮವನ್ನು ಬದಲಿಸಿದರು.