ಒಂದು ಚುಕ್ಕಿ ಎರಡಾಗಬೇಕಾದರೆ

ಸಣ್ಣ ದೂರದರ್ಶಕ ಕೊಂಡವರು ಚಂದ್ರ, ಶನಿ ನೋಡಿ ಮುಗಿಸಿ ಜೋಡಿ ನಕ್ಷತ್ರಗಳ ಕಡೆಗೆ, ಅಂದರೆ ಒಂದೇ ಚುಕ್ಕಿಯಂತೆ ಕಾಣುವ ಎರಡು ನಕ್ಷತ್ರಗಳ ಕಡೆಗೆ, ತಿರುಗುತ್ತಾರೆ. ಹೊರಗೆ ತಂದ ಕೂಡಲೇ ಅತಿ ಹೆಚ್ಚು ವರ್ಧನೆಯ ಐಪೀಸ್ (ಕಣ್ಣಿಡುವ ತುದಿಯ ಮಸೂರ) ಸಿಕ್ಕಿಸುತ್ತಾರೆ, ಕುದಿಯುವ ಬೆಳಕಿನ ಮುದ್ದೆಯೊಂದನ್ನು ಕಂಡು ಬೇಸತ್ತು ಒಳಗಿಡುತ್ತಾರೆ. ಉಪಕರಣ ಸರಿಯಾಗಿಯೇ ಇರುತ್ತದೆ. ಅವಸರ ಕೆಲಸ ಕೆಡಿಸಿರುತ್ತದೆ.

1. ನೋಡುವ ಅರ್ಧ ಗಂಟೆ ಮೊದಲೇ ದೂರದರ್ಶಕವನ್ನು ಹೊರಗಿಡಿ. ಅದು ತಣ್ಣಗಾಗುವವರೆಗೆ ಕೊಳವೆಯೊಳಗಿನ ಬಿಸಿಗಾಳಿ ಬಿಂಬವನ್ನು ಕಲಕುತ್ತಲೇ ಇರುತ್ತದೆ. ಹಗಲಿಡೀ ಕಾದ ತಾರಸಿಗಿಂತ ಹುಲ್ಲುನೆಲ ಮೇಲು. ಬೆಳದಿಂಗಳು ಅಡ್ಡಿಯಲ್ಲ. ಆದರೆ ನೆತ್ತಿಯ ಮೇಲಿನ ನಕ್ಷತ್ರಗಳೂ ಜೋರಾಗಿ ಮಿನುಗುತ್ತಿದ್ದರೆ ಆ ರಾತ್ರಿ ಒತ್ತೊತ್ತಾಗಿರುವ ಜೋಡಿಗಳ ಆಸೆ ಬಿಡಿ.

2. 25 ಮಿ.ಮೀ. ಎಂದು ಬರೆದಿರುವ, ಕಡಿಮೆ ವರ್ಧನೆಯ ಐಪೀಸ್‌ನಲ್ಲಿ ನಕ್ಷತ್ರವನ್ನು ಹುಡುಕಿ ನಡುವೆ ತನ್ನಿ.

3. ಈಗ ವರ್ಧನೆ. ದೂರದರ್ಶಕದ ಸಂಗಮ ದೂರವನ್ನು (ಮಸೂರದಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಐಪೀಸಿನ ಸಂಗಮ ದೂರದಿಂದ (ಅದರ ಮೇಲಿನ ಮಿ.ಮೀ. ಅಂಕಿ) ಭಾಗಿಸಿ: 700 ಮಿ.ಮೀ.ಗೆ 25ರ ಐಪೀಸ್ ಹಾಕಿದರೆ 28 ಪಟ್ಟು, 7ರದ್ದು ಹಾಕಿದರೆ 100 ಪಟ್ಟು. 60 ಮಿ.ಮೀ. ವ್ಯಾಸದ ಮಸೂರ 120 ಪಟ್ಟಿನಾಚೆಗೆ ಹೊಸದೇನನ್ನೂ ತೋರಿಸುವುದಿಲ್ಲ. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಅಚ್ಚಾಗಿದ್ದರೆ ಅದು ಜಾಹೀರಾತು ಅಷ್ಟೇ. ಜೊತೆಗೆ ಬರುವ ಪ್ಲಾಸ್ಟಿಕ್ ಬಾರ್ಲೋ ಮಸೂರವನ್ನು (ವರ್ಧನೆ ಹೆಚ್ಚಿಸಲು ನಡುವೆ ಸಿಕ್ಕಿಸುವ ಮಸೂರ) ಹೊರಗೆ ತೆಗೆಯಲೇ ಬೇಡಿ. ಪ್ಲಾಸಲ್ ಎಂಬ ಬಗೆಯ ಒಂದು ಒಳ್ಳೆಯ ಐಪೀಸ್ ಕೊಳ್ಳಿ.

4. ಎಲ್ಲರೂ ಎಡವುವುದು ಫೋಕಸ್‌ನಲ್ಲಿ. ಚುಕ್ಕಿ ಚಿಕ್ಕದಾಯಿತೆಂದು ಅಲ್ಲೇ ನಿಲ್ಲಿಸಬೇಡಿ. ಅದು ಮತ್ತೆ ಊದಿಕೊಳ್ಳುವವರೆಗೆ ತಿರುಗಿಸಿ, ಹಿಂದಕ್ಕೆ ಬನ್ನಿ, ಪ್ರತಿ ಸಲವೂ ತಿರುವನ್ನು ಕಿರಿದಾಗಿಸಿ. ಕೈ ತಗಲಿದರೆ ಕೊಳವೆ ನಡುಗುತ್ತದೆ. ನಡುಕ ನಿಂತ ಮೇಲಷ್ಟೇ ತೀರ್ಮಾನಿಸಿ. ಫೋಕಸ್ ಸರಿಯಿದ್ದು ಗಾಳಿಯೂ ಶಾಂತವಾಗಿದ್ದರೆ ನಕ್ಷತ್ರ ಪುಟ್ಟ ಬಿಲ್ಲೆಯಂತೆ, ಸುತ್ತ ತೆಳುವಾದ ಉಂಗುರದೊಂದಿಗೆ ಕಾಣುತ್ತದೆ. ಆಮೇಲೆ ಕೈ ಹಿಂದಕ್ಕಿಟ್ಟು ಕೆಲವು ನಿಮಿಷ ನೋಡುತ್ತಲೇ ಇರಿ. ಗಾಳಿಯ ಅಲುಗಾಟ ಅರೆಕ್ಷಣ ತಗ್ಗಿದಾಗ ಎರಡು ಬಿಲ್ಲೆಗಳ ನಡುವೆ ಕಪ್ಪು ಸಂದು ತೆರೆಯುತ್ತದೆ, ಮರುಕ್ಷಣ ಮುಚ್ಚುತ್ತದೆ. ಒಮ್ಮೆ ಕಂಡ ಮೇಲೆ ಮತ್ತೆ ಹಿಡಿಯುವುದು ಸುಲಭ.

5. ಆರಂಭಕ್ಕೆ ಸಪ್ತರ್ಷಿ ಮಂಡಲದ ವಸಿಷ್ಠ. ಪಕ್ಕದಲ್ಲಿ ಅರುಂಧತಿ ಕಂಡಿತೆಂದು ಅನೇಕರು ಅಲ್ಲಿಗೇ ಮುಗಿಸುತ್ತಾರೆ. ವಸಿಷ್ಠವೇ 14 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ) ಅಂತರದ ಎರಡು ನಕ್ಷತ್ರಗಳಾಗಿ ಒಡೆಯಬೇಕು. ಬಣ್ಣಕ್ಕೆ ರಾಜಹಂಸ ಪುಂಜದ ಆಲ್ಬಿರಿಯೊ: ಒಂದು ಹೊಂಬಣ್ಣ, ಇನ್ನೊಂದು ನೀಲಿ. ಫೋಕಸ್ ತುಸು ಕೆಡಿಸಿದರೆ ಬಣ್ಣ ಇನ್ನೂ ಸ್ಪಷ್ಟ. ಅಭಿಜಿತ್ (ವೇಗಾ) ನಕ್ಷತ್ರದ ಪಕ್ಕದ ಎಪ್ಸಿಲಾನ್ ಲೈರೆ ಕೊನೆಗಿರಲಿ. ಬೈನಾಕ್ಯುಲರ್‌ನಲ್ಲಿ ಎರಡಾಗಿ ಕಾಣುವ ಅದರ ಪ್ರತಿಯೊಂದು ಚುಕ್ಕಿಯೂ ಮತ್ತೆ ಜೋಡಿಯೇ. ಅಂತರ ಎರಡೂಕಾಲು ಆರ್ಕ್‌ಸೆಕೆಂಡಿನ ಆಸುಪಾಸು.

ನಿಮ್ಮ ದೂರದರ್ಶಕ ಬಿಡಿಸಿ ತೋರಿಸಬಲ್ಲ ಅತಿ ಕಡಿಮೆ ಅಂತರ ತಿಳಿಯಲು 116ನ್ನು ಮಸೂರದ ವ್ಯಾಸದಿಂದ (ಮಿ.ಮೀ.ಗಳಲ್ಲಿ) ಭಾಗಿಸಿ. 60 ಮಿ.ಮೀ.ಗೆ 1.9 ಆರ್ಕ್‌ಸೆಕೆಂಡ್ ಬರುತ್ತದೆ. ಈ ಲೆಕ್ಕ ಹೆಚ್ಚುಕಡಿಮೆ ಸಮಾನ ಹೊಳಪಿನ ಜೋಡಿಗಳಿಗೆ ಮಾತ್ರ. ಲುಬ್ಧಕ (ಸಿರಿಯಸ್) ತನ್ನ ಸಂಗಾತಿಗಿಂತ ಸುಮಾರು ಒಂಬತ್ತು ಸಾವಿರ ಪಟ್ಟು ಪ್ರಕಾಶಮಾನ. ಸಣ್ಣ ದೂರದರ್ಶಕದಲ್ಲಿ ಆ ಸಂಗಾತಿಯನ್ನು ಹುಡುಕುತ್ತಾ ಕೂರುವ ಬದಲು ಮಿಥುನದ ಕ್ಯಾಸ್ಟರ್ ನೋಡಿ.