ಹಿಮ ಬೀಳುವ ಊರಿನ ಕಾಲೇಜಿಗೆ ಹೊರಟಿದ್ದೀರಾ? ತಯಾರಿ ಹೀಗಿರಲಿ

ಕಾಸರಗೋಡು ಜಿಲ್ಲೆಯಲ್ಲಿ ಬೆಳೆದವರಿಗೆ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಎಂದರೆ ಧನುರ್ಮಾಸದ ಮುಂಜಾವಿನ ಚಳಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯನ್ನು ನಾವು ಸಲೀಸಾಗಿ ನಿಭಾಯಿಸುತ್ತೇವೆ. ಸೊನ್ನೆಗಿಂತ ಕೆಳಗಿನ ಲೋಕ ಮಾತ್ರ ನಮಗೆ ಹೊಸತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಗಳಿಂದ ಮಕ್ಕಳು ಅಮೆರಿಕದ ಮಿನ್ನೆಸೋಟಕ್ಕೋ ಮಿಷಿಗನ್‌ಗೋ ಓದಲು ಹೊರಟಾಗ ಮನೆಯಲ್ಲಿ ಶುಲ್ಕದ ಲೆಕ್ಕ, ಸಾಲದ ಲೆಕ್ಕ ಎಲ್ಲವೂ ನಡೆಯುತ್ತದೆ. ಚಳಿಯ ವಿಷಯ ಬಂದರೆ 'ಒಂದು ದಪ್ಪ ಸ್ವೆಟರ್ ತೆಗೆದುಕೋ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಂಥ ಒಂದು ಊರಿನಲ್ಲಿ ಓದಿ ಬಂದವಳಾಗಿ ನಾನು ಹೇಳುವುದು ಇಷ್ಟು: ಆ ಚಳಿಗಾಲದ ಮುಂದೆ ಧೈರ್ಯ ನಡೆಯುವುದಿಲ್ಲ, ತಯಾರಿ ನಡೆಯುತ್ತದೆ. ತಯಾರಿಯ ಬಹುಪಾಲು ಮೊದಲ ಹಿಮ ಬೀಳುವ ಮುಂಚೆಯೇ ಮುಗಿದಿರಬೇಕು.

ಇಲ್ಲಿ ಹೇಳಿರುವ ವೀಸಾ ನಿಯಮಗಳು ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಸಂಬಂಧಿಸಿದವು. ಕೆನಡಾಕ್ಕೆ ಹೋಗುವವರಿಗೆ ಕಾಗದಪತ್ರಗಳ ದಾರಿ ಬೇರೆ, ಚಳಿಯ ಮಾತು ಮಾತ್ರ ಅದೇ.

ಮನೆ ಬಿಡುವ ಮೊದಲು

ಮೊದಲು ಹೆಸರನ್ನು ನೋಡಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಒಂದೆರಡು ಇನಿಷಿಯಲ್‌ಗಳಷ್ಟೇ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಎಂಬ ಮೂರು ಅಕ್ಷರ ಬರುತ್ತವೆ. ಆಮೇಲೆ ಬ್ಯಾಂಕಿನಿಂದ ಹಿಡಿದು ಕಾಲೇಜಿನ ಗುರುತಿನ ಚೀಟಿಯವರೆಗೆ ಅದೇ ನಿಮ್ಮ ಹೆಸರಾಗುವ ಸಾಧ್ಯತೆ ಇದೆ. ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಜಾಗ ತುಂಬಿರುವಂತೆ ಸರಿಪಡಿಸಿಕೊಳ್ಳಿ.

ಎರಡನೆಯದು ಲಸಿಕೆ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯ ಎರಡು ಡೋಸ್‌ಗಳ ದಾಖಲೆಯನ್ನು ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಹುಟ್ಟಿದಾಗಿನ ಕಾರ್ಡ್ ಸಿಗದಿದ್ದರೆ ವೈದ್ಯರ ಬಳಿ ಕೇಳಿ ಮತ್ತೆ ಹಾಕಿಸಿಕೊಂಡು, ತಾರೀಖು ಮತ್ತು ಸಹಿ ಇರುವ ಪತ್ರ ಪಡೆಯಿರಿ. ಕ್ಷಯರೋಗದ ಪರೀಕ್ಷೆ ಮಾಡಿಸಬೇಕಾಗಿ ಬಂದರೆ ರಕ್ತಪರೀಕ್ಷೆ ಆಗಬಹುದೇ ಎಂದು ವಿಚಾರಿಸಿ. ಚಿಕ್ಕಂದಿನಲ್ಲಿ ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಪಾಸಿಟಿವ್ ಬರಬಹುದು. ಹಲ್ಲಿನ ಕೆಲಸ ಏನಿದ್ದರೂ ಊರಲ್ಲೇ ಮುಗಿಸಿ. ಅಲ್ಲಿನ ವಿದ್ಯಾರ್ಥಿ ಆರೋಗ್ಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಸೇರಿರುವುದು ಕಡಿಮೆ.

ಪೆಟ್ಟಿಗೆಗೆ ಏನು, ಏನು ಬೇಡ

ಇಲ್ಲಿ ಅಮ್ಮಂದಿರೊಂದಿಗೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗಿದೆ. ಕೊಬ್ಬರಿ ಕಟ್ಟಬೇಡಿ. ಎಣ್ಣೆಯಂಶದಿಂದಾಗಿ ಬೆಂಕಿ ಹತ್ತುವ ವಸ್ತುವೆಂದು 2022ರಿಂದ ಭಾರತದ ವಿಮಾನಗಳಲ್ಲಿ ಚೆಕ್-ಇನ್ ಪೆಟ್ಟಿಗೆಗೂ ಒಣಕೊಬ್ಬರಿ ನಿಷಿದ್ಧ. ತೋಟದಿಂದ ಕೊಯ್ದ ಕರಿಬೇವಿನ ಸೊಪ್ಪನ್ನೂ ಕಳಿಸಬೇಡಿ. ಕರಿಬೇವು ಲಿಂಬೆಯ ಕುಟುಂಬಕ್ಕೆ ಸೇರಿದ ಗಿಡ. ಅದರ ಎಲೆಯ ಜೊತೆ ಬರುವ ಸಣ್ಣ ಕೀಟ ಅಲ್ಲಿನ ಕಿತ್ತಳೆ ತೋಟಗಳಿಗೆ ರೋಗ ಹರಡಬಲ್ಲದು ಎಂಬ ಕಾರಣಕ್ಕೆ ಹಸಿ ಎಲೆಯನ್ನು ಒಳಗೆ ಬಿಡುವುದಿಲ್ಲ. ಅಡಿಕೆಗೆ ರೋಗ ಬಂದು ತೋಟ ಹಾಳಾಗುವುದನ್ನು ಕಂಡ ನಮಗೆ ಈ ನಿಯಮ ಕಟುವೆನಿಸಬಾರದು. ಅಕ್ಕಿಯೂ ಬೇಡ, ಧಾನ್ಯಕ್ಕೆ ಹತ್ತುವ ಒಂದು ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರು ಒಯ್ಯುವಂತಿಲ್ಲ.

ಸಾರಿನ ಪುಡಿ, ಹುರಿದು ಪುಡಿ ಮಾಡಿದ ಕೊದಿಲಿನ ಮಸಾಲೆ, ಹಲಸಿನ ಹಪ್ಪಳ, ಚೆನ್ನಾಗಿ ಸೀಲ್ ಮಾಡಿಸಿದ ಮಿಡಿ ಉಪ್ಪಿನಕಾಯಿ ಒಯ್ಯಬಹುದು. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಪೆಟ್ಟಿಗೆಯಲ್ಲಿರಲಿ. ಆಹಾರ ಏನಿದ್ದರೂ ಇದೆ ಎಂದು ಅಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿಗೆ ಹೇಳಿ. ಹೇಳಿದ ವಸ್ತು ತಪ್ಪಿದ್ದರೆ ಹೆಚ್ಚಾಗಿ ಅದನ್ನು ತೆಗೆದುಹಾಕುತ್ತಾರೆ ಅಷ್ಟೆ. ಮುಚ್ಚಿಟ್ಟದ್ದು ಸಿಕ್ಕಿದರೆ ದಂಡ ಕಟ್ಟಬೇಕು.

ಮಿಕ್ಸಿ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ವಿದ್ಯುತ್ 120 ವೋಲ್ಟ್, ನಮ್ಮದು 230. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಚಾರ್ಜರ್‌ಗಳು ಎರಡಕ್ಕೂ ಹೊಂದುತ್ತವೆ, ಪಿನ್ ಮಾತ್ರ ಬದಲಾಗಬೇಕು. ಚಳಿಗಾಲದ ದೊಡ್ಡ ಜಾಕೆಟನ್ನೂ ಮಂಗಳೂರಿನಲ್ಲಿ ಕೊಳ್ಳಬೇಡಿ. ಇಲ್ಲಿನ ಅಂಗಡಿಯ 'ವಿಂಟರ್ ಜಾಕೆಟ್' ಮಡಿಕೇರಿಗೆ ಸಾಕಾದೀತು, ಮಿನ್ನೆಸೋಟಕ್ಕೆ ಸಾಲದು. ಜನವರಿಯಲ್ಲಿ ತರಗತಿ ಶುರುವಾಗುವವರ ಮಾತು ಬೇರೆ. ಅವರು ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವಾಗಲೇ ಮೈಮೇಲೆ ಬೆಚ್ಚಗಿನ ಜಾಕೆಟ್ ಇರಬೇಕು. ಅಲ್ಲಿರುವ ಹಿರಿಯ ವಿದ್ಯಾರ್ಥಿಗಳಿಗೆ ಮೊದಲೇ ಬರೆದು, ಕರೆದೊಯ್ಯಲು ಬರುವವರ ಕೈಯಲ್ಲಿ ಒಂದನ್ನು ತರಿಸಿಕೊಳ್ಳಿ.

ಆಗಸ್ಟ್ ತಿಂಗಳಲ್ಲಿ

ಆಗಸ್ಟ್‌ನಲ್ಲಿ ಇಳಿದಾಗ ಸೆಖೆ ಇರುತ್ತದೆ, ಚಳಿಯ ನೆನಪೇ ಆಗುವುದಿಲ್ಲ. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಹಾಜರಿ ದಾಖಲಿಸಿ. ಪದವಿ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್ (ಕೋರ್ಸಿನ ಭಾರ ಅಳೆಯುವ ಅಂಕ) ಓದಬೇಕು. ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ವಿಳಾಸ ತಿಳಿಸಬೇಕು. ಕೆಲಸ ಬೇಕಿದ್ದರೆ ಗ್ರಂಥಾಲಯ ಅಥವಾ ಊಟದ ಹಾಲ್‌ನಲ್ಲಿ ಮೊದಲ ವಾರವೇ ಕೇಳಿ.

ಹಾಸ್ಟೆಲಿನವರು ಕೊಡುವ ನಿಯಮದ ಹಾಳೆಯನ್ನು ಪೂರ್ತಿ ಓದಿ. ದೀಪ, ಊದುಬತ್ತಿ, ಕೋಣೆಯಲ್ಲಿ ಒಲೆ ಸಾಮಾನ್ಯವಾಗಿ ನಿಷಿದ್ಧ. ಒಗ್ಗರಣೆಯ ಹೊಗೆಗೂ ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿ, ನಡುರಾತ್ರಿ ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಲ್ಲಬೇಕಾದೀತು. ಸಾಮೂಹಿಕ ಅಡುಗೆಕೋಣೆಯಲ್ಲಿ, ಫ್ಯಾನ್ ಹಾಕಿ, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ. ಭಾರತೀಯ ಅಂಗಡಿ ಇರುವ ಊರಾದರೆ ತುರಿದು ಶೀತಲೀಕರಿಸಿದ ತೆಂಗಿನಕಾಯಿ ಸಿಗುತ್ತದೆ. ಕೇರಳದವರ ಅಂಗಡಿಯಲ್ಲಿ ಸಿಗುವ ಮಟ್ಟ ಅಕ್ಕಿ ನಮ್ಮ ಕುಚ್ಚಲಕ್ಕಿ ಗಂಜಿಯ ಆಸೆಯನ್ನು ಸುಮಾರಾಗಿ ತೀರಿಸುತ್ತದೆ.

ಅಕ್ಟೋಬರ್ ಮುಗಿಯುವುದರೊಳಗೆ: ಬಟ್ಟೆ

ಬಟ್ಟೆಯ ವಿಷಯದಲ್ಲಿ ಒಂದೇ ಸೂತ್ರ: ದಪ್ಪಗಿನ ಒಂದು ಬೇಡ, ತೆಳ್ಳಗಿನ ಮೂರು ಬೇಕು. ಮೈಗೆ ತಾಗುವ ಒಳಪದರ ಬೆವರನ್ನು ಹೊರಗೆ ಸೆಳೆಯುವ ಬಟ್ಟೆಯದಾಗಿರಬೇಕು. ಅದಕ್ಕೆ 'ಥರ್ಮಲ್' ಎನ್ನುತ್ತಾರೆ. ಮೇಲಂಗಿ, ಪ್ಯಾಂಟ್ ಎರಡೂ ಸಿಗುತ್ತವೆ. ಅದರ ಮೇಲೆ ಗಾಳಿಯನ್ನು ತನ್ನೊಳಗೆ ಹಿಡಿದಿಡುವ ಉಣ್ಣೆ ಅಥವಾ ಫ್ಲೀಸ್. ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ಎರಡನ್ನೂ ತಡೆಯುವ, ತಲೆಗೆ ಹುಡ್ ಇರುವ, ತೊಡೆಯವರೆಗೆ ಇಳಿಯುವ ಜಾಕೆಟ್.

ಹತ್ತಿ ನಮ್ಮ ಸೆಖೆಗೆ ಒಳ್ಳೆಯ ಬಟ್ಟೆ, ಹಿಮದಲ್ಲಿ ಕೆಟ್ಟದು. ಅದು ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಬಟ್ಟೆ ಮೈಯ ಬಿಸಿಯನ್ನು ಕದಿಯುತ್ತದೆ. ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ. ಇನ್ನೊಂದು ಮಾತು ಇಲ್ಲಿಂದ ಹೋದವರಿಗೆ ಹೊಳೆಯುವುದಿಲ್ಲ: ಕಟ್ಟಡಗಳ ಒಳಗೆ ಹೀಟರ್ ಇರುವುದರಿಂದ ಅಲ್ಲಿ ಸುಮಾರು 20 ಡಿಗ್ರಿ ಇರುತ್ತದೆ. ಮೂರು ಸ್ವೆಟರ್ ಹಾಕಿ ತರಗತಿಯಲ್ಲಿ ಕುಳಿತರೆ ಬೆವರುತ್ತೀರಿ. ಅದೇ ಬೆವರಿನಲ್ಲಿ ಹೊರಗೆ ಬಂದರೆ ನಡುಗುತ್ತೀರಿ. ಒಳಗೆ ಬಂದ ಕೂಡಲೇ ಜಾಕೆಟ್ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ.

ದುಡ್ಡು ಕಡಿಮೆ ಇದ್ದರೆ ಜಾಕೆಟನ್ನು ಹಳೆಬಟ್ಟೆ ಅಂಗಡಿಯಲ್ಲಿ ಕೊಳ್ಳಿ, ಬೂಟಿಗೆ ಮಾತ್ರ ಖರ್ಚು ಮಾಡಿ. ಬೂಟು ನೀರು ಒಳಬಿಡದಂತಿರಬೇಕು, ತಳದಲ್ಲಿ ಆಳವಾದ ಹಲ್ಲುಗಳಿರಬೇಕು, ಉಣ್ಣೆ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಿಸಲು ಜಾಗವಿರಬೇಕು. ಬಿಗಿಯಾದ ಬೂಟಿನಲ್ಲಿ ರಕ್ತ ಸರಿಯಾಗಿ ಓಡದೆ ಕಾಲು ಬೇಗ ತಣ್ಣಗಾಗುತ್ತದೆ. ಬೆರಳು ಬಿಡಿಬಿಡಿಯಾಗಿರುವ ಕೈಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗೆ ಕೂರುವ ಮಿಟನ್ ಹೆಚ್ಚು ಬೆಚ್ಚಗೆ. ಕಿವಿ ಮುಚ್ಚುವ ಟೊಪ್ಪಿ ಕಡ್ಡಾಯ. ಕೆಲವು ಕ್ಯಾಂಪಸ್‌ಗಳು ಹೊರದೇಶದ ವಿದ್ಯಾರ್ಥಿಗಳಿಗೆ ಚಳಿಗಾಲದ ಬಟ್ಟೆಯನ್ನು ಉಚಿತವಾಗಿಯೂ ಕೊಡುತ್ತವೆ. ನಾಚಿಕೊಳ್ಳದೆ ಕೇಳಿ.

ಹವಾಮಾನ ಓದುವುದು, ಹಿಮದಲ್ಲಿ ನಡೆಯುವುದು

ಅಲ್ಲಿ ಫ್ಯಾರನ್‌ಹೀಟ್ ಲೆಕ್ಕ. 32 ಎಂದರೆ ನೀರು ಹೆಪ್ಪುಗಟ್ಟುವ ಬಿಂದು. ಸೊನ್ನೆ ಎಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18. ಮೈನಸ್ 40ರಲ್ಲಿ ಎರಡೂ ಮಾಪನಗಳು ಒಂದಾಗುತ್ತವೆ. ಬೆಳಿಗ್ಗೆ ಮೊಬೈಲಿನಲ್ಲಿ ನೋಡಬೇಕಾದದ್ದು ಬರೀ ಉಷ್ಣಾಂಶವನ್ನಲ್ಲ, 'ವಿಂಡ್ ಚಿಲ್' ಎಂಬ ಅಂಕಿಯನ್ನು. ಗಾಳಿ ಸೇರಿದಾಗ ಚರ್ಮಕ್ಕೆ ಆಗುವ ಚಳಿ ಅದು. ಸೊನ್ನೆ ಫ್ಯಾರನ್‌ಹೀಟ್ ಇರುವಾಗ ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ಅದು ಮೈನಸ್ 19 ಫ್ಯಾರನ್‌ಹೀಟಿನ ಚಳಿಗೆ ಸಮ. ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಮೂಗು, ಕಿವಿ, ಬೆರಳ ತುದಿ ಬಿಳಿಚಿಕೊಂಡು ಜೋಮು ಹಿಡಿದರೆ ಕೂಡಲೇ ಒಳಗೆ ಹೋಗಿ. ಉಜ್ಜಬೇಡಿ, ಹೀಟರ್ ಮುಂದೆ ಹಿಡಿಯಬೇಡಿ. ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿಡಿ, ಸ್ಪರ್ಶ ಮರಳದಿದ್ದರೆ ವೈದ್ಯರ ಬಳಿ ಹೋಗಿ.

ಹೊಸ ಹಿಮದಲ್ಲಿ ಜಾರುವುದು ಕಡಿಮೆ. ಕರಗಿ ಮತ್ತೆ ಹೆಪ್ಪುಗಟ್ಟಿದ ತೆಳು ಪದರ ಅಪಾಯಕಾರಿ. ಅದು ಡಾಂಬರಿನ ಬಣ್ಣದಲ್ಲೇ ಬೆರೆತು ಕಣ್ಣಿಗೆ ಕಾಣುವುದಿಲ್ಲ. ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವಾಗ ಹೇಗೆ ನಡೆಯುತ್ತೀರೋ ಹಾಗೆಯೇ ನಡೆಯಿರಿ: ಗಿಡ್ಡ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಮೈ ತುಸು ಮುಂದಕ್ಕೆ. ಕೈ ಜೇಬಿನಲ್ಲಿರಬಾರದು. ಮೊಬೈಲನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದಂಥ ಕೆಲವು ಕಡೆ ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯ ದಾರಿ, ಮೇಲ್ಸೇತುವೆಗಳಿವೆ. ಅವುಗಳ ನಕ್ಷೆಯನ್ನು ಅಕ್ಟೋಬರ್‌ನಲ್ಲೇ ಒಮ್ಮೆ ನಡೆದು ನೋಡಿಕೊಳ್ಳಿ.

ಬೆಳಿಗ್ಗೆ ತಲೆಗೆ ಮಿಂದು ಒದ್ದೆ ಕೂದಲಲ್ಲಿ ಹೊರಡುವ ನಮ್ಮ ಅಭ್ಯಾಸವನ್ನು ಬದಲಿಸಲೇಬೇಕು. ಒದ್ದೆ ಕೂದಲು ದಾರಿಯಲ್ಲೇ ಸೆಟೆದುಕೊಳ್ಳುತ್ತದೆ. ತಲೆಸ್ನಾನ ರಾತ್ರಿಗಿರಲಿ, ನೀರು ತೀರಾ ಬಿಸಿ ಬೇಡ. ಹೀಟರಿನ ಒಣ ಗಾಳಿಗೆ ಮೊದಲೇ ಚರ್ಮ ಬಿರಿಯುತ್ತದೆ, ಕೆಲವರಿಗೆ ಮೂಗಿನಿಂದ ರಕ್ತವೂ ಬರುತ್ತದೆ. ಮಿಂದ ಕೂಡಲೇ, ಮೈ ಪೂರ್ತಿ ಒಣಗುವ ಮೊದಲು ವ್ಯಾಸಲೀನ್ ಅಥವಾ ತೆಂಗಿನೆಣ್ಣೆ ಸವರಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಅಗಲ ಬಾಯಿಯ ಡಬ್ಬಿಯಲ್ಲಿಡಿ.

ನವೆಂಬರ್‌ನಿಂದ ಫೆಬ್ರವರಿ: ಕತ್ತಲಿನ ತಿಂಗಳುಗಳು

ಈ ಭಾಗವನ್ನು ಮನೆಯವರೂ ಓದಬೇಕು. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಿನ್ನೆಸೋಟಕ್ಕೂ ನಮಗೂ ಇರುವ ಅಂತರ ಹತ್ತೂವರೆಯಿಂದ ಹನ್ನೊಂದೂವರೆ ಗಂಟೆಗೆ ಏರುತ್ತದೆ. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಬೆಳಿಗ್ಗೆ ಏಳೂವರೆ. ಡಿಸೆಂಬರ್‌ನಲ್ಲಿ ಮಿನ್ನೆಸೋಟದ ಮಿನಿಯಾಪೊಲಿಸ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕೂವರೆಗೆ. ತರಗತಿ ಮುಗಿಸಿ ಹೊರಗೆ ಬರುವಾಗ ಕತ್ತಲು.

ನನ್ನ ತಿಳಿವಳಿಕೆಯಲ್ಲಿ ಹಿಮದ ಊರಿನ ನಿಜವಾದ ಅಪಾಯ ಇದು, ಬೀದಿಯ ಚಳಿಯಲ್ಲ. ಹೊರಗೆ ಹೋಗುವುದು ತ್ರಾಸವೆಂದು ಕೋಣೆಯಲ್ಲೇ ಉಳಿಯುತ್ತಾರೆ. ಉಳಿದಷ್ಟೂ ಮನಸ್ಸು ಕುಗ್ಗುತ್ತದೆ, ನಿದ್ದೆ ಹೆಚ್ಚುತ್ತದೆ, ಊಟ ತಪ್ಪುತ್ತದೆ, ತರಗತಿಯೂ ತಪ್ಪುತ್ತದೆ. ಬೆಳಕು ಕಡಿಮೆಯಾದಾಗ ಬರುವ ಈ ಖಿನ್ನತೆ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ, ಸೋಮಾರಿತನವಲ್ಲ. ದಿನಕ್ಕೊಮ್ಮೆ ಹಗಲಿನಲ್ಲಿ ಹೊರಗೆ ನಡೆಯಿರಿ, ಹದಿನೈದು ನಿಮಿಷವಾದರೂ ಸರಿ. ಬೆಳಿಗ್ಗೆ ಅರ್ಧ ಗಂಟೆ ಎದುರಿಗೆ ಕೂರಲೆಂದೇ ಮಾಡಿದ 10,000 ಲಕ್ಸ್ (ಬೆಳಕಿನ ಅಳತೆ) ದೀಪಗಳು ಸಿಗುತ್ತವೆ. ಕೆಲವು ಕಾಲೇಜುಗಳಲ್ಲಿ ಅವುಗಳನ್ನು ಎರವಲು ಕೊಡುತ್ತಾರೆ. ವಿಟಮಿನ್ ಡಿ ಮಟ್ಟವನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪರೀಕ್ಷಿಸಿಕೊಳ್ಳಿ. ಎರಡು ವಾರಕ್ಕಿಂತ ಹೆಚ್ಚು ಮನಸ್ಸು ಏಳದೇ ಇದ್ದರೆ ಕ್ಯಾಂಪಸ್ಸಿನ ಆಪ್ತಸಲಹೆಗಾರರ ಬಳಿ ಹೋಗಿ. ಅಲ್ಲಿ ಹೇಳಿದ್ದು ನಿಮ್ಮ ವೀಸಾ ಕಡತಕ್ಕೆ ಹೋಗುವುದಿಲ್ಲ.

ಆದರೆ ಬೇಸರದಲ್ಲಿ ಒಂದು ವಿಷಯವನ್ನು ಮಾತ್ರ ಒಬ್ಬರೇ ನಿರ್ಧರಿಸಬೇಡಿ: ಕೋರ್ಸ್ ಬಿಡುವುದು. ಅನುಮತಿ ಇಲ್ಲದೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿದರೆ ವೀಸಾ ಸ್ಥಿತಿಗೇ ಧಕ್ಕೆ. ಅನಾರೋಗ್ಯದ ಕಾರಣಕ್ಕೆ ಕಡಿಮೆ ಓದಲು ಅವಕಾಶವಿದೆ. ವೈದ್ಯರ ಪತ್ರದೊಂದಿಗೆ ಅಂತರರಾಷ್ಟ್ರೀಯ ಕಚೇರಿಯಿಂದ ಮೊದಲೇ ಒಪ್ಪಿಗೆ ಪಡೆದಿರಬೇಕು.

ಚಳಿಗಾಲದ ರಜೆಯಲ್ಲಿ ಅನೇಕ ಹಾಸ್ಟೆಲುಗಳೂ ಊಟದ ಹಾಲ್‌ಗಳೂ ಮುಚ್ಚುತ್ತವೆ. ಉಳಿಯುವ ವ್ಯವಸ್ಥೆಯನ್ನು ನವೆಂಬರ್ ಆರಂಭದಲ್ಲೇ ಕೇಳಿ ಬರೆಸಿಕೊಳ್ಳಿ. ಜೊತೆಯ ವಿಷಯದಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲವಿದೆ. ಮಲಯಾಳಿಗಳ ಓಣಂ ಊಟಕ್ಕೂ ನಾವು ಹೋಗಬಹುದು, ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಹೋಗಬಹುದು. ತುಳು ಮಾತಾಡುವವರು ಸಿಕ್ಕಿದರಂತೂ ಮನೆಯೇ ಸಿಕ್ಕಿದಂತೆ. ಎರಡೂ ಕಡೆ ಹೆಸರು ಕೊಟ್ಟಿಡಿ.

ಮನೆಯವರಿಗೆ ಒಂದು ಮಾತು. ಫೋನಿನಲ್ಲಿ 'ಚಳಿ ಉಂಟಾ?' ಎಂದು ಕೇಳುವುದರ ಜೊತೆಗೆ 'ಇವತ್ತು ಯಾರ ಜೊತೆ ಉಂಡೆ?' ಎಂದೂ ಕೇಳಿ. ಉತ್ತರ ದಿನವೂ 'ಒಬ್ಬನೇ' ಎಂದಾದರೆ, ಗದರದೆ, ಹೆಚ್ಚು ಮಾತಾಡಿ.

ಮಾರ್ಚ್ ಮತ್ತು ಆಮೇಲೆ

ಮಾರ್ಚ್‌ನಲ್ಲಿ ಹಗಲು ಕರಗಿದ್ದು ರಾತ್ರಿ ಗಟ್ಟಿಯಾಗುತ್ತದೆ. ಜಾರಿ ಬೀಳುವುದು ಆಗಲೂ ಇದೆ. ಬಿಸಿಲು ಕಂಡ ಮಾತ್ರಕ್ಕೆ ಬೂಟನ್ನು ಮೂಲೆಗಿಡಬೇಡಿ. ದಾರಿಗೆ ಚೆಲ್ಲಿದ ಉಪ್ಪು ಬೂಟಿನ ಮೇಲೆ ಬಿಳಿ ಗೆರೆಯಾಗಿ ಕೂರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿಡಿ.

ಬೇಸಿಗೆ ರಜೆಗೆ ಊರಿಗೆ ಬರುವ ಯೋಚನೆ ಇದ್ದರೆ ಕಾಲೇಜು ಕೊಟ್ಟ ಐ-20 ಪತ್ರದ ಪ್ರಯಾಣದ ಸಹಿಯನ್ನು ಈಗಲೇ ನೋಡಿಕೊಳ್ಳಿ. ಅದು ಒಂದು ವರ್ಷಕ್ಕೆ ಮಾತ್ರ ಸಲ್ಲುತ್ತದೆ, ಮರಳಿ ಪ್ರವೇಶಿಸುವ ದಿನಕ್ಕೂ ಅವಧಿ ಉಳಿದಿರಬೇಕು. ವೀಸಾದ ಅವಧಿಯನ್ನೂ ನೋಡಿ. ಎರಡೂ ಸರಿಯಿದ್ದರೆ ಮಂಗಳೂರಿಗೋ ಕಣ್ಣೂರಿಗೋ ಟಿಕೆಟ್ ತೆಗೆಯಿರಿ.